ಹೊತ್ತು ಮುಳುಗಿದ ಮ್ಯಾಲ ಕೇಳು

ಮೌಶಿಯ ವಿಷಯ ಬಂದರೆ ನಮ್ಮ ಕಡೆಯವರೆಲ್ಲ ಹೇಳುವ ಕಥೆ ಒಂದೇ. ಹರೆಯದಲ್ಲಿ ಒಬ್ಬನನ್ನು ಮೆಚ್ಚಿದ್ದರು, ಅವನು ಕೈಕೊಟ್ಟ, ಮೌಶಿ ಮದುವೆಯಾಗದೆ ಉಳಿದರು, ಆ ಕೊರಗಿನಲ್ಲೇ ಮಕ್ಕಳ ಕಾಮಿಕ್ ಪುಸ್ತಕ ಇಟ್ಟುಕೊಂಡು ಕಾಲ ಕಳೆದರು. ಹೋದ ತಿಂಗಳು ಅವರು ತೀರಿಕೊಂಡ ಮೇಲೆ ಹಿಮಾಯತ್‌ನಗರದ ಸಣ್ಣ ಹಾಲೊಂದರಲ್ಲಿ ಸಂತಾಪ ಸಭೆ ನಡೆಯಿತು. ಅಲ್ಲೂ ಇದನ್ನೇ ಮೂರು ಜನ ಮೂರು ರಾಗದಲ್ಲಿ ಹೇಳಿದರು. ಒಬ್ಬರಂತೂ 'ಪಾಪ' ಎಂಬ ಶಬ್ದವನ್ನು ಎಷ್ಟು ಸಲ ಬಳಸಿದರೆಂದರೆ, ಮೌಶಿ ಇದ್ದಿದ್ದರೆ ನಡುವೆಯೇ ಎದ್ದು, "ಮುಂದಿನ ಶಬ್ದಕ್ಕ ನಡೀರಿ ಸಾಹೇಬ್ರ" ಅನ್ನುತ್ತಿದ್ದರು.

ನಾನು ಈ ಕಥೆಯನ್ನು ಒಪ್ಪುವುದಿಲ್ಲ. ಕೈಕೊಟ್ಟ ಅನ್ನಬೇಕಾದರೆ ಮೊದಲು ಕೈ ಹಿಡಿದಿರಬೇಕು, ಹಿಡಿದಿರಲಿಲ್ಲ. ಕೊರಗು ಅನ್ನಬೇಕಾದರೆ ಸಾಕ್ಷಿ ಬೇಕು. ಹತ್ತು ವರ್ಷ ಅವರ ಮನೆಯ ಮೆಟ್ಟಿಲು ಹತ್ತಿಳಿದವಳು ನಾನು. ಕಂಡದ್ದು ನಗು, ಜಗಳ ಮತ್ತು ಮೈದಾ ಅಂಟಿನ ಹುಳಿವಾಸನೆ. ಅಷ್ಟಾಗಿಯೂ ನನ್ನ ಕಥೆ ಸರಿ, ಅವರದು ತಪ್ಪು ಎಂದು ತೀರ್ಪು ಕೊಡುವ ಧೈರ್ಯ ನನಗಿಲ್ಲ. ಏಕೆಂದರೆ ಅವರೆಲ್ಲರ ಕಥೆಯಲ್ಲಿ ಬಿಟ್ಟುಹೋದ ಪಾತ್ರ ನಾನೇ. ಹದಿನೇಳನೇ ವಯಸ್ಸಿನಲ್ಲಿ ನಾನು ಮೌಶಿಯ ಜೊತೆ ಒಂದು ವಾದ ಹೂಡಿ ಗೆದ್ದೆ. ಆ ವಾದದ ಬಲದ ಮೇಲೆ ಅವರು ಒಂದು ದಿನ ಊರಿನ ಇನ್ನೊಂದು ತುದಿಯ ಮಿಯಾಪುರಕ್ಕೆ ಹೋದರು. ಅವರನ್ನು ಅಲ್ಲಿಗೆ ಕಳಿಸಿ ನಾನು ಮಾಡಿದ್ದು ಒಳ್ಳೆಯದೋ ಕೆಟ್ಟದ್ದೋ, ಅದು ನನಗೆ ಗೊತ್ತಾಗಬೇಕು. ಇದನ್ನು ಬರೆಯುತ್ತಿರುವುದೂ ಅದಕ್ಕೇ.

ಕಾಚಿಗೂಡದ ನಮ್ಮ ಹಳೇ ಮನೆಯ ಮಹಡಿಯಲ್ಲಿ ಅವರಿದ್ದರು. ಯಾರಿಗೂ ಸಂಬಂಧದಲ್ಲಿ ಮೌಶಿ, ಅಂದರೆ ಚಿಕ್ಕಮ್ಮ, ಅಲ್ಲ; ಎಲ್ಲರಿಗೂ ಮೌಶಿ. ಒಂದು ಕಚೇರಿಯಲ್ಲಿ ಟೈಪಿಸ್ಟ್ ಆಗಿ ಸೇರಿ, ಸೂಪರಿಂಟೆಂಡೆಂಟ್ ಆಗಿ ನಿವೃತ್ತರಾಗಿದ್ದರು. ಬೆರಳುಗಳಿಗೆ ಮಾತ್ರ ನಿವೃತ್ತಿ ಸಿಕ್ಕಿರಲಿಲ್ಲ. ಹೇಳಬೇಕಾದ ಮಾತನ್ನು ನುಂಗಿಕೊಂಡಾಗಲೆಲ್ಲ ಅವರ ಹತ್ತೂ ಬೆರಳು ತೊಡೆಯ ಮೇಲೆ, ಸೀರೆಯ ನೆರಿಗೆಗಳ ನಡುವೆ, ಟಪಟಪ ಟೈಪು ಮಾಡುತ್ತಿದ್ದವು. ನನ್ನ ತಾಯಿ ಮಾರ್ಕೆಟ್ಟಿನ ಸುದ್ದಿ ಹೇಳುವಾಗ, ಕೆಳಮನೆಯವರು ನೀರಿಗಾಗಿ ಜಗಳ ತೆಗೆದಾಗ, ಮೌಶಿ ಬಾಯಿಂದ "ಹೂಂ, ಹೌದ್ರಿ" ಅನ್ನುತ್ತ ತೊಡೆಯ ಮೇಲೆ ಪುಟಗಟ್ಟಲೆ ಉತ್ತರ ಹೊಡೆಯುತ್ತಿದ್ದರು. ಅದರ ಒಂದು ಸಾಲನ್ನಾದರೂ ಓದಬೇಕೆಂದು ನಾನು ಎಷ್ಟೋ ಸಲ ಕಣ್ಣಿಟ್ಟು ಕೂತಿದ್ದೇನೆ.

ರವಿವಾರ ಬೆಳಿಗ್ಗೆ ಆಬಿಡ್ಸಿನ ಫುಟ್‌ಪಾತಿಗೆ ಹೋಗಿ ಹಳೇ ಇಂಗ್ಲಿಷ್ ಕಾಮಿಕ್ಕು ತರುವುದು ಅವರ ಪೂಜೆ. ತಂದು, ಬಿಳಿ ಹಾಳೆಯನ್ನು ಸಣ್ಣ ಸಣ್ಣ ಚೀಟಿಗಳಾಗಿ ಕತ್ತರಿಸಿ, ಒಂದೊಂದರ ಮೇಲೂ ಕನ್ನಡದಲ್ಲಿ ಮಾತು ಬರೆದು, ಚಿತ್ರದೊಳಗಿನ ಮಾತಿನ ಗುಳ್ಳೆಗಳ ಮೇಲೆ ಅಂಟಿಸುತ್ತಿದ್ದರು. ಓಣಿಯ ಕನ್ನಡ ಮನೆಗಳ ಮಕ್ಕಳು ಶಾಲೆಯಲ್ಲಿ ಇಂಗ್ಲಿಷ್, ಆಟದಲ್ಲಿ ತೆಲುಗು, ಅಂಗಡಿಯಲ್ಲಿ ಹಿಂದಿ. ಕನ್ನಡವೆಂದರೆ ಊಟಕ್ಕೆ ಕರೆಯುವ ಭಾಷೆ, ಅಷ್ಟೇ. ನಾನು ಕನ್ನಡ ಓದಲು ಕಲಿತದ್ದು ಆ ಚೀಟಿಗಳಿಂದ. ನಾನು ಮೊದಲು ಕೂಡಿಸಿ ಓದಿದ ಶಬ್ದ 'ಅಯ್ಯಯ್ಯಪ್ಪಾ'. ಮೂಲದಲ್ಲಿ ಅದು ಎರಡೇ ಅಕ್ಷರದ ಯಾವುದೋ ಉದ್ಗಾರ.

"ಗುಳ್ಳಿ ಸಣ್ಣದು, ಮಾತು ದೊಡ್ಡದು," ಎಂದು ಗೊಣಗುತ್ತಿದ್ದರು. "ಇಂಗ್ಲೀಷಿನಾಗ ಸಿಟ್ಟು ನಾಕಕ್ಷರಕ್ಕ ಮುಗೀತೈತಿ. ನಮ್ಮಾಗ ಅವ್ವ, ಅಪ್ಪ, ಮನಿದೇವ್ರು ಎಲ್ಲಾರನ್ನೂ ಕರೀಬೇಕು. ಎಲ್ಲಿ ಹಿಡಸ್ಲಿ?"

ಅವರ ಅನುವಾದದಲ್ಲಿ ನೆರೆಗೂದಲಿನ ಖಳನಾಯಕನಿಗೂ ಬಹುವಚನ. ನಾಯಕಿ ಅವನ ಎದುರು ಮುಷ್ಟಿ ಎತ್ತಿ ನಿಂತು, "ಸಾಹೇಬ್ರ, ಪಿಸ್ತೂಲು ಕೆಳಗಿಡ್ರಿ" ಅನ್ನುತ್ತಿದ್ದಳು. ನಾನು ನಕ್ಕರೆ, "ವಯಸ್ಸಾದವರದಾರ. ಕಳ್ಳರಾದ್ರ ಏನಾತು, ಏಕವಚನ ಹಾಕಾಕ ಕೈ ಬರಂಗಿಲ್ಲ ನೋಡು" ಅನ್ನುತ್ತಿದ್ದರು.

ಆ ನಾಯಕಿಗೆ ಮೌಶಿ ಇಟ್ಟ ಹೆಸರು ಮುಗಿಲಕ್ಕ. ನೀಲಿ ಮೇಲುಹೊದಿಕೆಯ, ಹಾರಬಲ್ಲ ಹೆಣ್ಣುಮಗಳು. ಅವಳ ಹಿಂದೆ ಒಬ್ಬ ಗುಮಾಸ್ತ, ಹವಾಮಾನ ಕಚೇರಿಯವನು. ತಿಂಗಳಿಗೊಮ್ಮೆ ಅವಳನ್ನು ಮದುವೆಗೆ ಕೇಳಬೇಕೆಂದು ಬಾಯಿ ತೆರೆಯುತ್ತಾನೆ, ಅಷ್ಟರಲ್ಲಿ ಎಲ್ಲೋ ಪ್ರವಾಹ ಬರುತ್ತದೆ, ಅವಳು ಹಾರಿಹೋಗುತ್ತಾಳೆ. ಒಂದು ಸಂಚಿಕೆಯಲ್ಲಿ ಮಾತ್ರ ಬೇರೆಯಾಗುತ್ತದೆ. ಇಬ್ಬರೂ ಕೈಹಿಡಿದು ನಿಂತಾಗ ಸಿಡಿಲು ಬಡಿದು, ಅವಳ ಶಕ್ತಿಯೆಲ್ಲ ಅವನಿಗೂ ಬರುತ್ತದೆ. ಆದರೆ ಸೂರ್ಯ ಮುಳುಗುವವರೆಗೆ ಮಾತ್ರ. ಅವನು ಹಾರುತ್ತಾನೆ, ಕುಸಿಯುವ ರೈಲುಸೇತುವೆಗೆ ಅವಳ ಜೊತೆ ಹೆಗಲು ಕೊಡುತ್ತಾನೆ, ಮೋಡದ ಮೇಲೆ ನಿಂತು ಎದೆಯುಬ್ಬಿಸಿ ಹೇಳುತ್ತಾನೆ: ಈಗ ನಾವು ಸರಿಸಮ, ನನ್ನ ಲಗ್ನ ಆಗು. ಅವಳು ಅನ್ನುತ್ತಾಳೆ: "ಹೊತ್ತು ಮುಳುಗಿದ ಮ್ಯಾಲ ಕೇಳು." ಹೊತ್ತು ಮುಳುಗುತ್ತದೆ. ಅವನು ಮತ್ತೆ ಕನ್ನಡಕದ ಗುಮಾಸ್ತ. ಕೇಳುವುದಿಲ್ಲ. ಕೊನೆಯ ಚಿತ್ರದಲ್ಲಿ ಅವನು ಮೆಟ್ಟಿಲಿಳಿಯುತ್ತಿದ್ದಾನೆ, ಅವಳು ಮೇಲೆ ನಿಂತಿದ್ದಾಳೆ. ಅವನ ಬಾಯಿಂದ ಒಂದೇ ಒಂದು ಗುಳ್ಳೆ. ಮೌಶಿಯ ಚೀಟಿ: 'ಬರ್ತೀನಿ.'

ಇಂಟರ್, ಅಂದರೆ ಪಿಯುಸಿ, ಎರಡನೇ ವರ್ಷದಲ್ಲಿದ್ದಾಗ ಒಂದು ಮಧ್ಯಾಹ್ನ ನಾನು ಆ ಚೀಟಿಯ ತುದಿಯನ್ನು ಉಗುರಿನಿಂದ ಎಬ್ಬಿಸಿ ಕೆಳಗಿನ ಇಂಗ್ಲಿಷನ್ನು ನೋಡಿದೆ. ಆಗ ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ನನ್ನ ಹೆಸರು ಓಡುತ್ತಿತ್ತು. ಎದುರಿನವರ ಮಾತಿನಲ್ಲಿ ಸಡಿಲ ಇಟ್ಟಿಗೆ ಯಾವುದೆಂದು ಹುಡುಕುವುದೇ ಕಸುಬು.

"ಮೌಶಿ, ಇದು ತಪ್ಪೈತ್ರಿ."

"ಯಾವ್ದು?"

"ಇಲ್ಲಿ ಗುಡ್‌ಬೈ ಅಂತೈತಿ. ಅಂದ್ರ ಹೋಗ್ತೀನಿ. ನೀವು ಬರ್ತೀನಿ ಅಂತ ಬರದೀರಿ. ಪೂರಾ ಉಲ್ಟಾ."

"ಹೋಗ್ತೀನಿ ಅಂತ ಯಾರರ ಅಂತಾರೇನ? ಹೊಸ್ತಿಲಾ ದಾಟೂ ಮುಂದ ಹಂಗ ಅನಬಾರ್ದು. ನಿಮ್ಮವ್ವ ಕಲಿಸಿಲ್ಲೇನ?"

"ಕಲಿಸ್ಯಾಳ್ರಿ. ಆದ್ರ ಇಂವ ತಿರುಗಿ ಬರಾಂವಲ್ಲ. ಓದೋರು ಮುಂದಿನ ಸಂಚಿಕ್ಯಾಗ ಬರತಾನಂತ ಕಾಯ್ತಾರ. ಖರೇನ ಬರಾಂವನೂ ಬರ್ತೀನಿ ಅಂತಾನ, ಬಿಟ್ಟು ಹೋಗಾಂವನೂ ಬರ್ತೀನಿ ಅಂತಾನ. ಹಂಗಾದ್ರ ಯಾರು ಯಾರು ಅಂತ ತಿಳಿಯೂದು ಹೆಂಗ್ರಿ?"

ನಾನು ಒಂದು ಅಂಕ ಗಳಿಸಿದೆನೆಂದುಕೊಂಡು ನಗುತ್ತಿದ್ದೆ. ಮೌಶಿಯ ಬೆರಳು ತೊಡೆಯ ಮೇಲೆ ಓಡತೊಡಗಿದವು. ಬಹಳ ಹೊತ್ತು ಓಡಿದವು. ಆಮೇಲೆ ನಿಂತವು.

"ನನಗೂ ಒಬ್ರು ಹಿಂಗ ಅಂದಿದ್ರು," ಎಂದರು.

ಅವರು ಹೇಳಿದ್ದು ಇಷ್ಟು. ಕಚೇರಿಯ ಕನ್ನಡದವರೆಲ್ಲ ಸೇರಿ ಒಂದು ನಾಟಕ ಆಡಿದ್ದರು. ಪಕ್ಕದ ಮೇಜಿನ ಗುಮಾಸ್ತ, ಕಾರ್ಬನ್ ಪೇಪರ್ ಬೇಕೆಂದರೂ ನೆಲ ನೋಡಿ ಕೇಳುವಂಥವರು, ಎತ್ತರ ಇದ್ದಾರೆ ಅನ್ನುವ ಒಂದೇ ಕಾರಣಕ್ಕೆ ಅರಸನ ಪಾತ್ರಕ್ಕೆ ಸಿಕ್ಕಿಬಿದ್ದರು. ಮುಖಕ್ಕೆ ಬಣ್ಣ, ತಲೆಗೆ ಕಿರೀಟ ಬಿದ್ದದ್ದೇ ಮನುಷ್ಯ ಬದಲಾದ. ಮಾತು ಹಾಲಿನ ಹಿಂದಿನ ಗೋಡೆಗೆ ಹೋಗಿ ಬಡಿಯುತ್ತಿತ್ತಂತೆ. ಪ್ರಯೋಗ ಮುಗಿದ ಮೇಲೆ ಅದೇ ವೇಷದಲ್ಲಿ ಮೌಶಿಯ ಎದುರು ಬಂದು ನಿಂತು, ಕಣ್ಣಲ್ಲಿ ಕಣ್ಣಿಟ್ಟು, "ನನ್ನ ಲಗ್ನ ಆಗ್ತೀರೇನ್ರಿ?" ಎಂದರಂತೆ.

"ನೀವೇನಂದ್ರಿ?"

"ಬಣ್ಣ ತೊಳಕೊಂಡು ಬರ್ರಿ, ಆಮ್ಯಾಲ ಕೇಳ್ರಿ ಅಂದೆ."

"ಅಯ್ಯ ಮೌಶಿ! ಯಾಕ್ರಿ?"

"ಅರಸನ ಕಟ್ಟಿಕೊಂಡು ನಾ ಏನ್ ಮಾಡ್ಲಿ? ನನಗ ಬೇಕಾಗಿದ್ದಾಂವ ಗುಮಾಸ್ತ."

ಅರಸ "ಬರ್ತೀನಿ" ಎಂದು ಹೋದ. ಬಣ್ಣ ತೊಳೆದ. ಪ್ಯಾಂಟು ಶರ್ಟು ಹಾಕಿಕೊಂಡು ಸಿಟಿ ಬಸ್ಸು ಹತ್ತಿ ಮನೆಗೆ ಹೋದ. ಸೋಮವಾರ ಕಚೇರಿಯಲ್ಲಿ ಫೈಲಿನಿಂದ ತಲೆ ಎತ್ತಲಿಲ್ಲ. ಒಂದು ವರ್ಷದ ಮೇಲೆ ಬೇರೆ ಶಾಖೆಗೆ ವರ್ಗವಾಯಿತು, ಮದುವೆಯೂ ಆಯಿತು.

"ನಾ ಕಾಯ್ಲಿಲ್ಲ ಬಿಡವಾ," ಎಂದರು ಮೌಶಿ. "ಕಾಯೂದಂದ್ರ ಏನು, ಕುರ್ಚಿ ಹಾಕ್ಕೊಂಡು ಕುಂದ್ರೂದೇನು? ನೌಕರಿ ಇತ್ತು, ತಮ್ಮನ ಸಾಲಿ ಇತ್ತು. ಆದ್ರ ಅದು ಯಾವ ಬರ್ತೀನಿ? ತೊಳಕೊಂಡು ಬರ್ತೀನೋ, ಇಲ್ಲಾ ನಾವೆಲ್ಲಾ ದಿನಾ ಅಂತೀವಲ್ಲ, ಆ ಬರ್ತೀನೋ? ಅದೊಂದು ಬಗಿಹರೀಲಿಲ್ಲ. ಈ ಪುಸ್ತಕಾ ಸಿಕ್ಕ ದಿನ ಫುಟ್‌ಪಾತಿನ್ಯಾಗ ನಿಂತು ಓದಿದೆ. ಯಾವನೋ ಅಮೇರಿಕಾದಾಂವ ನಮ್ಮ ಗ್ರೀನ್‌ರೂಮಿಗೆ ಬಂದು ನೋಡಿ ಹೋಗಿ ಬರದಂಗಿತ್ತು."

ಇಲ್ಲಿ ನಾನು ಸುಮ್ಮನಿರಬೇಕಿತ್ತು. ಇರಲಿಲ್ಲ. ಒಂದು ಶಬ್ದ, ಎರಡು ಅರ್ಥ, ಆಡಿದವರು ಇನ್ನೂ ಇದ್ದಾರೆ, ಅದೂ ಇದೇ ಊರಲ್ಲಿ. ಹಾಗಿದ್ದ ಮೇಲೆ ಅವರನ್ನೇ ಕೇಳುವುದು ನ್ಯಾಯ. ಕೇಳದೆ ಇರುವುದು ಮರ್ಯಾದೆ ಅಲ್ಲ, ಅಂಜಿಕೆ. ಹೀಗೆ ಬೆರಳು ಮಡಿಸಿ ಮಡಿಸಿ ವಾದಿಸಿದೆ. ಮೌಶಿ ಒಂದೊಂದಕ್ಕೂ ಉತ್ತರ ಕೊಟ್ಟರು: ಅವರಿಗೆ ಸಂಸಾರ ಐತಿ, ಈ ವಯಸ್ಸಿನ್ಯಾಗ ಯಾವ ಲಗ್ನ, ಜನ ಏನಂತಾರ. ನಾನು ಒಂದೊಂದನ್ನೂ ಹೊಡೆದು ಹಾಕಿದೆ. ಲಗ್ನದ ಮಾತಲ್ಲ, ಅರ್ಥದ ಮಾತು ಎಂದೆ. ಕೊನೆಗೆ, ನೆನೆದರೆ ಇಂದೂ ನಾಲಿಗೆ ಒಣಗುವ ಒಂದು ಮಾತು ಆಡಿದೆ:

"ನೀವ ಅಂಜಿದ್ರ ಮುಗಿಲಕ್ಕನ ಚೀಟಿ ಯಾಕ ಬರೀಬೇಕ್ರಿ? ಅಕಿ ಬಾಯಾಗ ಅಂಜುಬುರುಕಿ ಬರದ ಮಾತು ಹಾಕಿ ನಮಗ ಓದಸ್ತೀರಿ."

ಮೌಶಿ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು. "ಗೆದ್ದಿ ಬಿಡು," ಎಂದರು.

ಹಳೇ ಸಹೋದ್ಯೋಗಿಯೊಬ್ಬರಿಂದ ವಿಳಾಸ ಸಿಕ್ಕಿತು. ಮುಂದಿನ ವಾರವೇ ಹೊರಟೆವು. ಆಟೋದಲ್ಲಿ ನಾಂಪಲ್ಲಿ, ಅಲ್ಲಿಂದ ಮೆಟ್ರೋ. ಮೌಶಿಗೆ ಅದು ಮೊದಲ ಮೆಟ್ರೋ ಪ್ರಯಾಣ. ಸೀಟು ಖಾಲಿ ಇದ್ದರೂ ಕೂರಲಿಲ್ಲ. ಬಾಗಿಲ ಗಾಜಿಗೆ ಅಂಗೈ ಊರಿ ನಿಂತು, ಕೆಳಗೆ ಸರಿಯುವ ಅಂಗಡಿ ಬೋರ್ಡು, ಮಸೀದಿಯ ಗುಮ್ಮಟ, ಮಾಳಿಗೆಗಳ ಮೇಲೆ ಒಣಹಾಕಿದ ಬಟ್ಟೆಗಳನ್ನೆಲ್ಲ ನೋಡುತ್ತ, "ಏ, ನೋಡ, ಹಾರಾಕತ್ತೀವಿ!" ಎಂದು ಇಡೀ ಬೋಗಿಗೆ ಕೇಳುವಂತೆ ಹೇಳಿದರು. ಪಕ್ಕದಲ್ಲಿದ್ದ ತೆಲುಗು ಹೆಂಗಸು ನಕ್ಕು, ಎಲ್ಲಿಗೆ ಹೊರಟಿರಿ ಅಮ್ಮಾ ಎಂದು ಕೇಳಿದಳು.

"ಪೆಳ್ಳಿ ಚೂಪುಲಕಿ," ಎಂದರು ಮೌಶಿ. ಅಂದರೆ, ಹೆಣ್ಣು ನೋಡುವ ಶಾಸ್ತ್ರಕ್ಕೆ.

"ಈ ಅಮ್ಮಾಯಿಕಾ?" ಎಂದು ಆಕೆ ನನ್ನತ್ತ ಕೈ ತೋರಿಸಿದಳು.

"ಕಾದು. ನಾಕೇ!" ಈಕೆಗಲ್ಲ, ನನಗೇ!

ಆ ಹೆಂಗಸು ಬಾಯಿಗೆ ಸೆರಗು ಹಿಡಿದು ನಕ್ಕಳು. ಮೌಶಿಯೂ ನಕ್ಕರು. ಅಮೀರ್‌ಪೇಟೆಯಿಂದ ಕೂಕಟ್‌ಪಲ್ಲಿಯವರೆಗೆ ಇಬ್ಬರೂ ಗಂಡಸರ ಮೇಲೆ ಏನೇನೋ ತಮಾಷೆ ಮಾಡುತ್ತ ಹೋದರು. ನಾನು ಮೌಶಿಯನ್ನು ಅಂಥ ಬೆಳಕಿನಲ್ಲಿ ಹಿಂದೆ ಕಂಡಿರಲಿಲ್ಲ. ಬೆನ್ನು ನೆಟ್ಟಗಾಗಿತ್ತು. ಬೆರಳು ಏನನ್ನೂ ಟೈಪು ಮಾಡುತ್ತಿರಲಿಲ್ಲ. ಮಾತೆಲ್ಲ ಬಾಯಿಂದಲೇ ಬರುತ್ತಿತ್ತು.

ಮಿಯಾಪುರದ ಆ ದೊಡ್ಡ ಅಪಾರ್ಟ್‌ಮೆಂಟಿನ ಗೇಟಿನಲ್ಲಿ ರಿಜಿಸ್ಟರಿಗೆ ಹೆಸರು ಬರೆದೆವು. ಇಂಟರ್‌ಕಾಮ್ ಕೆಟ್ಟಿದೆ, ಸೀದಾ ಹೋಗಿ ಎಂದು ಕಾವಲುಗಾರ ಬ್ಲಾಕು ತೋರಿಸಿದ.

"ನೀ ಇಲ್ಲೇ ನಿಂದ್ರು," ಎಂದರು ಮೌಶಿ. "ಇನ್ನ ಮುಂದ ವಕೀಲ್ರು ಬ್ಯಾಡ."

ಲಿಫ್ಟು ಬಿಟ್ಟು ಮೆಟ್ಟಿಲು ಹತ್ತಿದರು. ಮೂರನೇ ಮಹಡಿ. ನಾನು ಸಿಮೆಂಟು ಬೆಂಚಿನ ಮೇಲೆ ಕೂತೆ. ಮಕ್ಕಳು ಸೈಕಲ್ ಹೊಡೆಯುತ್ತಿದ್ದರು. ಇಳಿಬಿಸಿಲು ಮೇಲಿನ ಅಂತಸ್ತುಗಳ ಗಾಜಿಗೆ ಮಾತ್ರ ಉಳಿದಿತ್ತು. ಒಂದು ಕಪ್ ಚಹಾ ಆರುವಷ್ಟೂ ಹೊತ್ತಾಗಿರಲಿಲ್ಲ, ಮೌಶಿ ಕೆಳಗೆ ಬಂದರು. ಅಳು ಇರಲಿಲ್ಲ, ನಗು ಇರಲಿಲ್ಲ. ಒಂದು ಕೈ ಗೋಡೆಗೆ ಹಿಡಿದು ಇಳಿಯುತ್ತಿದ್ದರು.

"ಕೇಳಿದ್ರ್ಯಾ ಮೌಶಿ?"

"ಕೇಳಿದೆ."

"ಏನಂದ್ರು?"

"ನಡಿ, ಹೊತ್ತು ಮುಳುಗಾಕತ್ತೈತಿ."

ವಾಪಸು ಬರುವಾಗ ಸೀಟು ಹಿಡಿದು ಕೂತರು. ಎರಡೂ ಕೈ ತೊಡೆಯ ಮೇಲಿದ್ದವು. ನಾನು ನಾಂಪಲ್ಲಿಯವರೆಗೂ ಬೆರಳುಗಳನ್ನೇ ನೋಡುತ್ತಿದ್ದೆ. ಒಂದೂ ಅಲುಗಲಿಲ್ಲ. ನುಂಗಿದ ಮಾತೂ ಉಳಿದಿಲ್ಲವೇನೋ ಅನ್ನುವ ಹಾಗೆ.

ಆಮೇಲೆ ಮೌಶಿ ಚೀಟಿ ಬರೆಯುವುದನ್ನು ನಿಲ್ಲಿಸಿದರು. ಆಬಿಡ್ಸಿಗೆ ಹೋಗುವುದೂ ನಿಂತಿತು. ಮಕ್ಕಳು ಹೊಸ ಪುಸ್ತಕ ಕೇಳಿದರೆ, "ಕಣ್ಣು ಮಂಜಾಗ್ಯಾವಪಾ" ಅನ್ನುತ್ತಿದ್ದರು. ಪೇಪರಿನ ಸಣ್ಣಕ್ಷರವನ್ನು ಮಾತ್ರ ದಿನಾ ಓದುತ್ತಿದ್ದರು. ಒಂದು ದಿನ ಕಪಾಟಿನಲ್ಲಿ ಆ ಸಂಚಿಕೆ ತೆಗೆದು ನೋಡಿದೆ. ಕೊನೆಯ ಗುಳ್ಳೆಯ ಮೇಲೆ ಹೊಸ ಚೀಟಿ ಅಂಟಿಸಿದ್ದರು. ಅದರಲ್ಲಿ ಏನೂ ಬರೆದಿರಲಿಲ್ಲ. ಗುಮಾಸ್ತ ಖಾಲಿ ಗುಳ್ಳೆ ಬಿಡುತ್ತ ಮೆಟ್ಟಿಲಿಳಿಯುತ್ತಿದ್ದ.

ಇನ್ನೆರಡು ಸಲ ಕೇಳಿದೆ, ಅಲ್ಲಿ ಏನಾಯಿತೆಂದು. "ಕೇಳಿದೆ ಅಂತ ಹೇಳಿದ್ನಲ್ಲವಾ, ಸಾಕು," ಎಂದರು. ಸಿಟ್ಟಿನಿಂದಲ್ಲ. ನಾನು ಕಾನೂನು ಓದಲು ಸೇರಿದೆ, ಮನೆ ಬದಲಾಯಿತು, ಭೇಟಿ ಕಡಿಮೆಯಾಯಿತು. ಆದರೆ ವೇದಿಕೆ ಹತ್ತಿ ಎದುರಿನವರನ್ನು ಮೂಲೆಗೆ ಒತ್ತುವಾಗಲೆಲ್ಲ, ಅವರು ಸೋತು ಸುಮ್ಮನಾಗುವ ಆ ಒಂದು ಕ್ಷಣದಲ್ಲಿ, ಯಾರೋ ಹಿಂದಿನಿಂದ "ಗೆದ್ದಿ ಬಿಡು" ಅಂದ ಹಾಗಾಗುತ್ತದೆ. ತಿರುಗಿ ನೋಡಿದ್ದೂ ಉಂಟು. ನಾನು ತೆವ್ವ ನಂಬುವವಳಲ್ಲ. ನಂಬದವರಿಗೆ ಇದಕ್ಕೆ ಬೇರೆ ಹೆಸರಾದರೂ ಸಿಗಬೇಕಿತ್ತು, ಸಿಕ್ಕಿಲ್ಲ.

ಇಷ್ಟು ವರ್ಷ ನಾನು ನಂಬಿದ್ದು ಹೀಗೆ: ಮೌಶಿ ಬಾಗಿಲು ಬಡಿದರು, ಪ್ರಶ್ನೆ ಕೇಳಿದರು, ಆ ಮನುಷ್ಯ ಅದು ಬರೀ ಬಾಯಿಮಾತಿನ ಬರ್ತೀನಿ ಎಂದ. ಅರ್ಥ ಬಗೆಹರಿಯಿತು, ಮೌಶಿ ಒಳಗೇ ಮುಗಿದುಹೋದರು.

ಸಂತಾಪ ಸಭೆ ಮುಗಿದಾಗ ಬಾಗಿಲ ಹತ್ತಿರ, ಚಪ್ಪಲಿಗಳ ರಾಶಿಯ ಪಕ್ಕ, ಎತ್ತರದ, ಬಾಗಿದ ಮುದುಕರೊಬ್ಬರು ನಿಂತಿದ್ದರು. ಯಾರೋ ಅವರ ಬೆನ್ನು ತಟ್ಟಿ, "ನಮ್ಮ ನಾಟಕದ ಅರಸ್ರು!" ಎಂದು ನಕ್ಕು ಹೋದರು. ಅವರು ನೆಲ ನೋಡಿದರು.

ನಾನು ಹೋಗಿ ನಮಸ್ಕಾರ ಎಂದೆ.

"ನೀವು ಅವ್ರಿಗೆ ಏನಾಗಬೇಕ್ರಿ?" ಎಂದು ಕೇಳಿದರು.

"ಅವ್ರ ಹತ್ರ ಕನ್ನಡಾ ಓದೂದು ಕಲತೀನ್ರಿ."

"ಹೌದಾ. ಛಲೋ ಆತು." ಆಮೇಲೆ ತಾವಾಗಿಯೇ, ತಗ್ಗಿದ ದನಿಯಲ್ಲಿ, "ಅವ್ರನ್ನ ನೋಡಿ ನಲವತ್ತು ವರ್ಷದ ಮ್ಯಾಲಾತ್ರಿ. ಒಂದ ಊರಾಗಿದ್ದು ಒಮ್ಮೆನೂ ಭೆಟ್ಟಿ ಆಗ್ಲಿಲ್ಲ."

"ಮಿಯಾಪುರದ ನಿಮ್ಮ ಮನೀಗೆ ಬಂದಿದ್ರಲ್ಲರಿ? ಮೆಟ್ರೋ ಹೊಸದಾಗಿ ಆದಾಗ. ಸಂಜೀಕ."

"ಯಾರು, ಅವ್ರಾ?"

ಸುಳ್ಳು ಹೇಳುವವರು ವಿವರ ಸೇರಿಸುತ್ತಾರೆ. ಅಷ್ಟು ನನಗೆ ಗೊತ್ತು. ಇವರು ಕೂಡಲೇ ಏನೂ ಸೇರಿಸಲಿಲ್ಲ. ಕೈ ಗೋಡೆಯನ್ನು ಹುಡುಕಿತು. "ಇಲ್ರಿ," ಎಂದರು. "ಬಂದಿದ್ರ ನನಗ ಗೊತ್ತಾಗ್ತಿರ್ಲಿಲ್ಲೇನ್ರಿ? ಸಂಜೀಕ ನಾವು ಬಾಗಲಾ ಹಾಕಂಗಿಲ್ಲ. ಬರೇ ಸೊಳ್ಳಿ ಜಾಳಗಿ ಬಾಗಲಾ ಮುಂದ ಮಾಡಿರ್ತೀವಿ. ಅದರ ಮುಂದ ಹಾಲಿನ್ಯಾಗ ಎಲ್ಲಾರೂ ಕುಂತಿರ್ತೀವಿ, ಹೆಂಡತಿ, ಮಗಳು, ನಾನು."

ಆಗ ನನಗೆ ಹೊಳೆಯಿತು. 'ಬರ್ತೀನಿ'ಗೆ ಎರಡು ಅರ್ಥವಿದೆ ಎಂದು ಒಂದು ಇಡೀ ಮಧ್ಯಾಹ್ನ ವಾದ ಮಾಡಿದವಳು ನಾನು. ಮೌಶಿ ಮೆಟ್ಟಿಲಿಳಿದು ಬಂದು ಕೊಟ್ಟ ಒಂದೇ ಉತ್ತರಕ್ಕೂ ಎರಡು ಅರ್ಥವಿದೆ ಎಂದು ಇಷ್ಟು ವರ್ಷ ತಲೆಗೆ ಬಂದಿರಲಿಲ್ಲ. ನಮ್ಮ ಭಾಷೆಯಲ್ಲಿ ಪ್ರಶ್ನೆ ಹಾಕಿದವರೂ ಕೇಳುತ್ತಾರೆ, ಕಿವಿಗೆ ಬಿದ್ದವರೂ ಕೇಳುತ್ತಾರೆ. ಮೌಶಿ ಬಾಗಿಲು ಬಡಿದಿರಲಿಲ್ಲ. ಜಾಳಿಗೆಯ ಈಚೆ, ಗೋಡೆಯ ಮರೆಗೆ ನಿಂತಿದ್ದರು. ನಿಂತು, ಕೇಳಿದ್ದರು.

ಮುದುಕರು ಬಗ್ಗಿ ತಮ್ಮ ಚಪ್ಪಲಿ ಹುಡುಕುತ್ತಿದ್ದರು. ಎಲ್ಲ ಸಂಜೆಗಳ ಹಾಗೆ ಅದೂ ಅವರಿಗೆ ಒಂದು ಸಂಜೆ; ನೆನಪಿರಲು ಕಾರಣವಿಲ್ಲ. ಇದು ಉತ್ತರವಿಲ್ಲದ ಪ್ರಶ್ನೆ, ಹಾಕುವುದು ವಕೀಲಿಕೆಯ ನಿಯಮಕ್ಕೆ ವಿರುದ್ಧ ಎಂದು ಗೊತ್ತಿದ್ದೂ ನಾನು ಅವರ ತೋಳು ಹಿಡಿದೆ.

"ಕಾಕಾ, ಅವತ್ತು ಸಂಜೀಕ ನಿಮ್ಮ ಮನ್ಯಾಗ ಏನ್ ಮಾತಾಡಾಕತ್ತಿದ್ರಿ?"